ರಾಬಿನ್ಸನ್ ಕ್ರೂಸೋ: ದೈವದ ಪ್ರಭುತ್ವವೂ ನಿತ್ಯದ ನಿರ್ಣಯವೂ

ಡೇನಿಯಲ್ ಡಿಫೋ 1719ರಲ್ಲಿ ಪ್ರಕಟಿಸಿದ ‘ರಾಬಿನ್ಸನ್ ಕ್ರೂಸೋ’ ಬಾಲಕರ ಸಾಹಸಕಥೆಯೆಂದೇ ಬಹುಮಟ್ಟಿಗೆ ಪ್ರಸಿದ್ಧವಾಗಿದೆ. ಬಾಲಕರಿಗಾಗಿ ಮಾಡಿದ ಸಂಗ್ರಹಗಳಲ್ಲಿ ಹಡಗು ಒಡೆಯುವುದು, ಬಿಡಾರ ಕಟ್ಟುವುದು, ಮೇಕೆ ಸಾಕುವುದು ಮೊದಲಾದುವು ಉಳಿದು, ನಾಯಕನ ಪ್ರಾರ್ಥನೆ ಪಶ್ಚಾತ್ತಾಪಗಳು ಸಾಮಾನ್ಯವಾಗಿ ಲೋಪವಾಗುವುವು. ಆದರೆ ಬಾಳಿನ ನಾನಾ ಸ್ಥಿತಿಗಳಲ್ಲಿ ದೈವದ ವಿವೇಕವನ್ನು ಸಮರ್ಥಿಸುವುದು ಈ ಗ್ರಂಥದ ಉದ್ದೇಶಗಳಲ್ಲೊಂದೆಂದು ಮುನ್ನುಡಿಯೇ ಸಾರುವುದು. ಆದುದರಿಂದ, ಲೋಕವನ್ನಾಳುವ ಪ್ರಭುವೊಬ್ಬನುಂಟೆಂಬ ಕ್ರೈಸ್ತ ನಂಬಿಕೆಯು ಮನುಷ್ಯನ ದಿನದಿನದ ತೀರ್ಮಾನಗಳನ್ನು ಎಷ್ಟರಮಟ್ಟಿಗೆ ನಡೆಸಬಲ್ಲುದೆಂಬ ಪ್ರಶ್ನೆಯನ್ನು ಈ ಕಾದಂಬರಿಯ ಮುಂದಿಡುವುದು ಅನ್ಯಾಯವಾಗದು.

ಡಿಫೋ ಆಂಗ್ಲ ಚರ್ಚಿನಿಂದ ಬೇರೆಯಾಗಿ ನಿಂತ ಪ್ರಾಟೆಸ್ಟೆಂಟ್ ಮನೆತನದವನು. ಅದೇ ಪಂಗಡದ ಚಾರ್ಲ್ಸ್ ಮಾರ್ಟನ್ನನ ವಿದ್ಯಾಶಾಲೆಯಲ್ಲಿ ಕಲಿತವನು. ದಿನಚರಿಯನ್ನು ಬರೆದಿಟ್ಟು, ಬಾಳಿನ ಸಣ್ಣಪುಟ್ಟ ಸಂಗತಿಗಳಲ್ಲಿಯೂ ದೇವರ ಕೈವಾಡವನ್ನು ಗುರುತಿಸುವುದು ಆ ಸಂಪ್ರದಾಯದವರ ರೂಢಿಯಾಗಿತ್ತು. 1659ನೆಯ ಸೆಪ್ಟೆಂಬರ್ 30ರಂದು ದ್ವೀಪವನ್ನು ಸೇರಿದ ಕ್ರೂಸೋ ಮಾಡುವುದೂ ಇದನ್ನೇ. ವರ್ತಕನು ಜಮಾಖರ್ಚನ್ನು ಬರೆಯುವಂತೆ ಅವನು ತನಗೊದಗಿದ ಕೇಡುಗಳನ್ನು ಒಂದು ಪಕ್ಕದಲ್ಲಿಯೂ ಒಳಿತುಗಳನ್ನು ಇನ್ನೊಂದು ಪಕ್ಕದಲ್ಲಿಯೂ ಬರೆಯುತ್ತಾನೆ. ಚೀಲ ಕೊಡವಿದ ಜಾಗದಲ್ಲಿ ಜವೆಗೋಧಿ ಮೊಳೆತಾಗ ಮೊದಲು ಪವಾಡವೆಂದು ನಂಬುತ್ತಾನೆ. ಕಾರಣ ನೆನಪಾದೊಡನೆ ಅವನ ಕೃತಜ್ಞತೆ ತಣ್ಣಗಾಗುವುದು. ಕೆಡದ ಕಾಳು ಕೆಲವಾದರೂ ಉಳಿದು, ನೆರಳಿರುವ ತಾಣದಲ್ಲಿಯೇ ಬಿದ್ದುದು ದೈವಕೃಪೆಯೆಂಬ ವಿವೇಚನೆ ಅನಂತರ ಬರುವುದು. 1660ರ ಜೂನ್ ತಿಂಗಳಲ್ಲಿ ಜ್ವರದಿಂದ ನರಳುತ್ತಿರುವಾಗ ಬೈಬಲನ್ನು ತೆರೆಯುತ್ತಾನೆ. ಅಂದಿನಿಂದ ಅವನ ಭಕ್ತಿ ನೆಲೆಗೊಳ್ಳುವುದು.

ಇಷ್ಟರಲ್ಲಿ ನಂಬಿಕೆಯು ಮಾಡಿರುವ ಕಾರ್ಯ ವ್ಯಾಖ್ಯಾನ. ನಡೆದುಹೋದುದಕ್ಕೆ ಅರ್ಥ ಹೇಳುವುದು ಬೇರೆ; ಮುಂದೆ ನಡೆಯಬೇಕಾದುದಕ್ಕೆ ದಾರಿ ತೋರುವುದು ಬೇರೆ. ಈ ಎರಡನೆಯ ಕಾರ್ಯದ ಪರೀಕ್ಷೆ ನರಭಕ್ಷಕರ ಪ್ರಸಂಗದಲ್ಲಿ ಒದಗುವುದು. ತೀರದಲ್ಲಿ ಮನುಷ್ಯರ ಎಲುಬುಗಳನ್ನು ಕಂಡು ರೋಷಗೊಂಡ ಕ್ರೂಸೋ, ಅವರು ಬೆಂಕಿ ಹಾಕುವ ಸ್ಥಳದಲ್ಲಿ ಮದ್ದನ್ನು ಹೂತಿಟ್ಟು ಅವರನ್ನು ಸಿಡಿಸಲು ಯೋಚಿಸುತ್ತಾನೆ. ಕೋವಿಗಳನ್ನು ಸಿದ್ಧಮಾಡಿಕೊಂಡು ದಿನಗಟ್ಟಲೆ ಕಾಯುತ್ತಾನೆ. ಆಮೇಲೆ ವಿಚಾರ ತಿರುಗುವುದು. ಇವರು ತನಗೇನು ಅಪರಾಧ ಮಾಡಿದ್ದಾರೆ? ದೇವರೇ ಇಷ್ಟುಕಾಲ ಶಿಕ್ಷಿಸದೆ ಬಿಟ್ಟಿರುವವರಿಗೆ ನ್ಯಾಯಾಧಿಪತಿಯೂ ಕೊಲೆಗಡುಕನೂ ಆಗಲು ತನಗೆ ಅಧಿಕಾರವನ್ನು ಕೊಟ್ಟವರಾರು? ಅಮೆರಿಕದಲ್ಲಿ ಸ್ಪೇನಿನವರು ನಡೆಸಿದ ಸಂಹಾರಕ್ಕೂ ತನ್ನ ಸಂಕಲ್ಪಕ್ಕೂ ಭೇದವೇನು? ಹೀಗೆಂದು ಅವನು ಕೈಯನ್ನು ಹಿಂದೆಗೆಯುತ್ತಾನೆ. ಎದುರಿಗೆ ಬಂದವರು ತನ್ನನ್ನು ಕೊಂದಾರೆಂಬ ಎಚ್ಚರಿಕೆಯೂ ಈ ನಿರ್ಧಾರದಲ್ಲಿ ಬೆರೆತಿದೆಯೆಂಬುದು ನಿಜ. ಆದರೂ ಪ್ರಭುವು ಬೇರೊಬ್ಬನೆಂಬ ಅರಿವು ಇಲ್ಲಿ ನಾಯಕನ ಇಚ್ಛೆಗೆ ಅಡ್ಡವಾಗಿ ನಿಂತಿದೆ. ಗ್ರಂಥದಲ್ಲಿ ಭಕ್ತಿಯು ನಿಜವಾಗಿ ಆಳುವ ಸ್ಥಳವಿದು.

ಆದರೆ ಈ ಆಳ್ವಿಕೆ ಸ್ಥಿರವಾದುದಲ್ಲ. ಮನಸ್ಸು ಎರಡಾದಾಗ ಒಳಗಿನ ಗೂಢಪ್ರೇರಣೆಯನ್ನು ಅನುಸರಿಸಬೇಕೆಂಬುದನ್ನು ಕ್ರೂಸೋ ನಿಯಮವಾಗಿ ಇಟ್ಟುಕೊಳ್ಳುತ್ತಾನೆ. ಆ ಪ್ರೇರಣೆ ದೇವರದೋ ತನ್ನ ಬಯಕೆಯದೋ ಎಂದು ತೂಗುವ ತಕ್ಕಡಿ ಮಾತ್ರ ಅವನಲ್ಲಿಲ್ಲ. ಓಡಿಬರುತ್ತಿದ್ದ ಫ್ರೈಡೆಯನ್ನು ಕಂಡಾಗ, ಸೇವಕನೊಬ್ಬನನ್ನು ದೊರಕಿಸಿಕೊಳ್ಳಲು ಇದೇ ಸಮಯವೆಂಬ ಭಾವನೆ ಮೊದಲು ಹುಟ್ಟಿ, ಈ ಬಡಜೀವವನ್ನು ಉಳಿಸಲು ದೈವವೇ ಕರೆಯುತ್ತಿದೆಯೆಂಬ ಭಾವನೆ ಅದರ ಹಿಂದೆ ಬರುವುದು. ಈ ಅನುಕ್ರಮ ಗಮನಾರ್ಹ. ಮುಂದೊಮ್ಮೆ ನರಭಕ್ಷಕರು ಮತ್ತೆ ಬಂದಾಗ ಹಿಂದಿನ ಸಂದೇಹವೇ ಮರಳುವುದು. ಆದರೆ ಬಲಿಯಾಗಲಿರುವವನು ಗಡ್ಡದ ಬಿಳಿಯನೆಂದು ತಿಳಿದೊಡನೆ ಅದು ಮಾಯವಾಗಿ ಗುಂಡು ಹಾರುವುದು. ಶಾಸ್ತ್ರ ಬದಲಾಗಲಿಲ್ಲ, ಸಾಯುವವನ ಬಣ್ಣ ಬದಲಾಯಿತು.

ನಂಬಿಕೆ ತಲುಪದೆ ಉಳಿದ ಎಡೆಯೂ ಒಂದುಂಟು. ತನ್ನೊಡನೆ ಸೆರೆಯಿಂದ ಪಾರಾದ ಜೂರಿ ಎಂಬ ಹುಡುಗನನ್ನು ಕ್ರೂಸೋ ಪೋರ್ಚುಗಲ್ಲಿನ ಕಪ್ತಾನನಿಗೆ 60 ನಾಣ್ಯಗಳಿಗೆ ಒಪ್ಪಿಸುತ್ತಾನೆ. ಹಡಗು ಒಡೆದುದು ಗಿನಿಯಿಂದ ಗುಲಾಮರನ್ನು ತರಲು ಹೊರಟ ಯಾನದಲ್ಲಿ. ದ್ವೀಪದಲ್ಲಿ ಅವನು ಆ ಯಾನಕ್ಕಾಗಿ ಮರುಗುವುದೇನೋ ಉಂಟು. ಆದರೆ ತಾಳ್ಮೆಯಿಂದಿದ್ದರೆ ಸ್ವಲ್ಪ ಹೆಚ್ಚು ಬೆಲೆಗೆ ಅವರನ್ನು ಮನೆಯ ಬಾಗಿಲಿನಲ್ಲಿಯೇ ಕೊಳ್ಳಬಹುದಾಗಿತ್ತೆಂಬುದು ಆ ಮರುಕದ ತಿರುಳು. ತಂದೆಯ ಮಾತನ್ನು ಮೀರಿದುದು ಪಾಪವೆಂದು ತೋರಿದವನಿಗೆ, ಮನುಷ್ಯನನ್ನು ಮಾರುವುದು ಪಾಪವೆಂದು ತೋರಲಿಲ್ಲ.

ಇದು ಗ್ರಂಥದ ದೋಷವೆ? ನಾಯಕನ ನೀತಿಯ ದೋಷವೆಂಬುದರಲ್ಲಿ ಸಂದೇಹವಿಲ್ಲ. ಡಿಫೋ ಇದನ್ನೆಲ್ಲ ಖಂಡನೆಯಾಗಿ ಉದ್ದೇಶಿಸಿದನೆಂದು ಹೇಳಲು ಸಾಕಾದ ಆಧಾರ ಕಥೆಯಲ್ಲಿಲ್ಲ. ಆದರೆ ನಾಯಕನ ಬಾಯಿಂದಲೇ ಎಲ್ಲವನ್ನೂ ವಿವರವಾಗಿ, ಲೆಕ್ಕದ ಪುಸ್ತಕದ ನಿಷ್ಠೆಯಿಂದ ಹೇಳಿಸಿರುವುದರಿಂದ, ನಾಯಕನು ಕಾಣದುದನ್ನು ಓದುಗನು ಕಾಣಬಲ್ಲನು. ದೇವರನ್ನು ಅರಸನೆಂದು ಒಪ್ಪಿದವನು ತಾನೂ ಆ ದ್ವೀಪಕ್ಕೆ ಅರಸನೆಂದು ಹೇಳಿಕೊಳ್ಳುತ್ತಾನೆ. ಮೂವರು ಪ್ರಜೆಗಳಿಗೆ ಮೂರು ಮತಗಳ ಸ್ವಾತಂತ್ರ್ಯವನ್ನು ಉದಾರವಾಗಿ ಕೊಡುತ್ತಾನೆ. ಅವರ ಪ್ರಾಣದ ಮೇಲಿನ ಒಡೆತನವನ್ನು ಮಾತ್ರ ಬಿಡುವುದಿಲ್ಲ. ಈ ಎರಡು ಪ್ರಭುತ್ವಗಳ ತಿಕ್ಕಾಟವೇ ಕೃತಿಯ ಜೀವಾಳ. ನಂಬಿಕೆಯು ತನ್ನ ಬಲಕ್ಕೆ ‘ಬೇಡ’ ಎಂದಾಗ ಅದರ ದನಿ ಸ್ಪಷ್ಟ. ‘ಆಗಲಿ’ ಎಂದಾಗ ಅದು ಯಾರ ದನಿಯೆಂದು ಪರೀಕ್ಷಿಸಬೇಕಾಗುವುದು. ಪ್ರಾರ್ಥನೆಯ ಭಾಗಗಳನ್ನು ತೆಗೆದುಹಾಕಿದ ಸಂಗ್ರಹದಿಂದ ಪಾಠ ಹೇಳಿದರೆ ವಿದ್ಯಾರ್ಥಿಗೆ ಈ ಪರೀಕ್ಷೆಯ ಅವಕಾಶವೇ ದೊರೆಯದು. ದೊರೆಯುವುದು ಬರಿಯ ಜಾಣ ಬಡಗಿಯೊಬ್ಬನ ಕಥೆ.