ಸಿರಿಮಾವೊ ಮತ್ತು ತೋಟದ ಹೆಂಗಸರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆಲ್ಲ ಬಾಯಿಪಾಠವಾದ ಪ್ರಶ್ನೆಯೊಂದಿದೆ: ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಯಾರು? ಸಿರಿಮಾವೊ ಬಂಡಾರನಾಯಕೆ, ಸಿಲೋನ್ (ಇಂದಿನ ಶ್ರೀಲಂಕಾ), 1960. ಒಂದು ಅಂಕ ಸಿಕ್ಕಿತು, ಮುಂದಿನ ಪ್ರಶ್ನೆ. ಮಹಿಳಾ ದಿನಕ್ಕೆ ಬರುವ ಲೇಖನಗಳೂ ಹೆಚ್ಚುಕಡಿಮೆ ಇಷ್ಟಕ್ಕೇ ನಿಲ್ಲುತ್ತವೆ. ಸಿರಿಮಾವೊ, ಇಂದಿರಾ, ಗೋಲ್ಡಾ ಮೇಯರ್, ಥ್ಯಾಚರ್, ಬೆನಜೀರ್ ಎಂದು ಹೆಸರುಗಳ ಸಾಲು, ಕೊನೆಗೊಂದು ಹೆಮ್ಮೆಯ ಮಾತು. ನಾಡನ್ನಾಳಿದ ಹೆಂಗಸರನ್ನು ಅವರ ಆಳ್ವಿಕೆಯಿಂದ ಅಳೆಯದೆ, ಹೆಣ್ಣೆಂಬ ಕಾರಣಕ್ಕೆ ಹೊಗಳಿ ಬಿಟ್ಟುಬಿಡುವ ಈ ರೂಢಿಯ ಬಗ್ಗೆ ನನಗೆ ತಕರಾರಿದೆ. ಗೌರವದ ಹೆಸರಿನಲ್ಲಿ ನಾವು ಅವರ ಕೆಲಸವನ್ನೇ ಓದದೆ ಬದಿಗಿಡುತ್ತಿದ್ದೇವೆ.

ಸಿರಿಮಾವೊ ಅವರ ಬಗ್ಗೆ ಇನ್ನೊಂದು ಸಿದ್ಧ ಕಥೆಯೂ ಇದೆ. 1959ರ ಸೆಪ್ಟೆಂಬರಿನಲ್ಲಿ, ಪ್ರಧಾನಿಯಾಗಿದ್ದ ಅವರ ಗಂಡ ಸಾಲಮನ್ ಬಂಡಾರನಾಯಕೆ ಬೌದ್ಧ ಭಿಕ್ಷುವೊಬ್ಬನ ಗುಂಡಿಗೆ ಬಲಿಯಾದರು. ಹೊಸ್ತಿಲು ದಾಟದ ಗೃಹಿಣಿ ಕಣ್ಣೀರು ಹಾಕಿ ಮತ ಗಿಟ್ಟಿಸಿದರು ಎಂಬುದು ಆ ಕಥೆ. ಪ್ರಚಾರ ಸಭೆಗಳಲ್ಲಿ ಗಂಡನ ಧ್ವನಿಮುದ್ರಿತ ಭಾಷಣಗಳನ್ನು ಕೇಳಿಸಿದ್ದು ನಿಜ. ಆದರೆ 1940ರ ದಶಕದಿಂದಲೇ ಅವರು ಲಂಕಾ ಮಹಿಳಾ ಸಮಿತಿಯ ಕೆಲಸಕ್ಕಾಗಿ ಹಳ್ಳಿ ಸುತ್ತಿದ್ದರು. ಗ್ರಾಮೀಣ ಸಿಂಹಳ ಹೆಂಗಸರ ಕಷ್ಟಸುಖ ಅವರಿಗೆ ಅನೇಕ ಮಂತ್ರಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ‘ಅಳುವ ವಿಧವೆ’ ಎಂಬುದು ಎದುರಾಳಿಗಳು ಅಂಟಿಸಿದ ಹಣೆಪಟ್ಟಿ. ಅದನ್ನು ಇಂದಿಗೂ ಹಾಗೇ ಎತ್ತಿ ಬರೆಯುವುದು ಸೋಮಾರಿತನ.

ಆಡಳಿತಕ್ಕೆ ಬಂದ ಮೇಲೆ ಅವರಲ್ಲಿ ಅಂಜಿಕೆ ಕಾಣುವುದಿಲ್ಲ. ಸರ್ಕಾರದ ಅನುದಾನದಲ್ಲಿ ನಡೆಯುತ್ತಿದ್ದ ಖಾಸಗಿ ಶಾಲೆಗಳನ್ನು ವಶಕ್ಕೆ ತೆಗೆದುಕೊಂಡರು. ಅವುಗಳಲ್ಲಿ ಬಹುಪಾಲು ಚರ್ಚುಗಳ ಕೈಯಲ್ಲಿದ್ದವು, ಅವರು ಸ್ವತಃ ಓದಿದ್ದು ಕೊಲಂಬೊದ ಕಾನ್ವೆಂಟಿನಲ್ಲಿ. ಕ್ಯಾಥೊಲಿಕರ ಪ್ರತಿಭಟನೆಗೆ ಬಗ್ಗಲಿಲ್ಲ. ವಿದೇಶಿ ತೈಲ ಕಂಪನಿಗಳ ಮೇಲೆ ಕೈಯಿಟ್ಟಾಗ ಅಮೆರಿಕ ನೆರವು ನಿಲ್ಲಿಸಿತು, ಅದಕ್ಕೂ ಜಗ್ಗಲಿಲ್ಲ. 1962ರಲ್ಲಿ ಸೇನೆ ಮತ್ತು ಪೊಲೀಸ್ ಅಧಿಕಾರಿಗಳ ಕ್ಷಿಪ್ರಕ್ರಾಂತಿಯ ಸಂಚನ್ನು ಮುರಿದರು. ಅದೇ ವರ್ಷ ಭಾರತ–ಚೀನಾ ಯುದ್ಧದ ಬೆನ್ನಿಗೆ ಕೊಲಂಬೊದಲ್ಲಿ ಆರು ದೇಶಗಳನ್ನು ಕೂರಿಸಿದರು, ಅದರ ಬೆನ್ನಲ್ಲೇ ಸಂಧಾನದ ಸೂತ್ರ ಹಿಡಿದು ಬೀಜಿಂಗಿಗೂ ದೆಹಲಿಗೂ ಹೋಗಿಬಂದರು.

ಈ ಗಟ್ಟಿತನದ ಇನ್ನೊಂದು ಮುಖ ತಮಿಳರಿಗೆ ಕಂಡಿತು. 1961ರ ಜನವರಿಯಿಂದ ಸಿಂಹಳವೊಂದೇ ಆಡಳಿತ ಭಾಷೆಯಾಯಿತು. ಜಾಫ್ನಾದಲ್ಲಿ ಕಚೇರಿಗಳೆದುರು ಸತ್ಯಾಗ್ರಹ ಕೂತವರಿಗೆ ತುರ್ತುಪರಿಸ್ಥಿತಿ ಮತ್ತು ಸೈನ್ಯ ಉತ್ತರವಾದವು. ಎರಡನೇ ಅವಧಿಯಲ್ಲಿ, 1972ರ ಸಂವಿಧಾನ ಬೌದ್ಧಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. ವಿಶ್ವವಿದ್ಯಾಲಯ ಸೇರಲು ತಮಿಳು ಮಾಧ್ಯಮದ ಹುಡುಗರು ಸಿಂಹಳ ಮಾಧ್ಯಮದವರಿಗಿಂತ ಹೆಚ್ಚು ಅಂಕ ತೆಗೆಯಬೇಕಾಯಿತು. ಮುಂದೆ ಬಂದೂಕು ಹಿಡಿದ ತಮಿಳು ಪೀಳಿಗೆ ಆ ಕಾಲೇಜು ವಯಸ್ಸಿನದೇ. 1971ರ ಸಿಂಹಳ ಯುವಕರ ದಂಗೆಯಲ್ಲೂ ಸಾವಿರಾರು ಮಂದಿ ಸತ್ತರು. ಕತರಗಾಮದಲ್ಲಿ ಯುವತಿಯೊಬ್ಬಳನ್ನು ಸೈನಿಕರು ಬೀದಿಯಲ್ಲಿ ಬೆತ್ತಲೆ ನಡೆಸಿ ಗುಂಡಿಕ್ಕಿದರು. ತಪ್ಪಿತಸ್ಥರಿಗೆ ಆಮೇಲೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತೆಂಬುದನ್ನೂ ಹೇಳಬೇಕು.

ಇಷ್ಟನ್ನು ಇತಿಹಾಸಕಾರರು ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ಚಹಾ ತೋಟದ ಕಥೆ.

ನುವರ ಎಲಿಯ, ಹ್ಯಾಟನ್ ಕಡೆಯ ಗುಡ್ಡಗಳಲ್ಲಿ ಸೊಪ್ಪು ಬಿಡಿಸುತ್ತಿದ್ದವರು ಹೆಚ್ಚಾಗಿ ತಮಿಳು ಹೆಂಗಸರು. ಅವರ ಅಜ್ಜ ಅಜ್ಜಿಯರನ್ನು ಬ್ರಿಟಿಷರ ಕಾಲದಲ್ಲಿ ಕಂಗಾಣಿಗಳು (ಕೂಲಿ ಮೇಸ್ತ್ರಿಗಳು) ಮಧುರೆ, ತಿರುಚ್ಚಿ ಸೀಮೆಗಳಿಂದ ಕರೆತಂದಿದ್ದರು. ತಲೆಯಿಂದ ಹಗ್ಗ ಇಳಿಬಿಟ್ಟು ಬೆನ್ನಿಗೆ ಬುಟ್ಟಿ, ಸೊಂಟಕ್ಕೆ ದಪ್ಪ ಅರಿವೆ, ಕಾಲಿಗೆ ಇಂಬಳ. ಎರಡೆಲೆ ಒಂದು ಕುಡಿಯನ್ನು ಉಗುರು ತಾಗದಂತೆ ಬೆರಳಲ್ಲಿ ಮುರಿದು ಹಿಂದಕ್ಕೆ ಎಸೆಯಬೇಕು. ದಿನದಲ್ಲಿ ಹಲವು ಸಲ ತೂಕ, ತೂಕ ಕಡಿಮೆಯಾದರೆ ಕೂಲಿಗೆ ಕತ್ತರಿ. ಸಂಜೆ ಮರಳುವುದು ಸಾಲುಕೋಣೆಗಳ ಲೈನ್ ಮನೆಗೆ. ಲೈನ್ ಮನೆ ಎಂದರೇನೆಂದು ಕೊಡಗು, ಚಿಕ್ಕಮಗಳೂರಿನವರಿಗೆ ವಿವರಿಸಬೇಕಿಲ್ಲ. ಸಿಲೋನಿನ ರಫ್ತು ಆದಾಯದ ಅರ್ಧಕ್ಕಿಂತ ಹೆಚ್ಚು ಈ ಬುಟ್ಟಿಗಳಿಂದಲೇ ಬರುತ್ತಿತ್ತು. ಆದರೂ ಈ ಹೆಂಗಸರ ಕೂಲಿ ಗಂಡಸರ ಕೂಲಿಗಿಂತ ಕಡಿಮೆ.

1931ರಲ್ಲೇ ಹೆಂಗಸರಿಗೂ ಮತದಾನದ ಹಕ್ಕು ಕೊಟ್ಟ ದೇಶ ಸಿಲೋನ್. 1947ರ ಚುನಾವಣೆಯಲ್ಲಿ ತೋಟದ ಜನ ತಮ್ಮವರಲ್ಲಿ ಏಳು ಮಂದಿಯನ್ನು ಸಂಸತ್ತಿಗೆ ಕಳಿಸಿದ್ದರು. ಮರುವರ್ಷ ಡಿ.ಎಸ್. ಸೇನಾನಾಯಕೆ ಸರ್ಕಾರ ತಂದ ಪೌರತ್ವ ಕಾಯ್ದೆ ಅವರನ್ನು ದೇಶವಿಲ್ಲದವರನ್ನಾಗಿಸಿತು, ಅದರ ಹಿಂದೆಯೇ ಮತವೂ ಹೋಯಿತು. ಅಂದರೆ ಜಗತ್ತಿನಲ್ಲೇ ಮೊದಲಿಗೆ ಒಬ್ಬ ಹೆಂಗಸನ್ನು ಪ್ರಧಾನಿ ಮಾಡಿದ 1960ರ ಆ ಚುನಾವಣೆಯಲ್ಲಿ, ಆ ದೇಶದ ಬೊಕ್ಕಸ ತುಂಬುತ್ತಿದ್ದ ಲಕ್ಷಾಂತರ ಹೆಂಗಸರಿಗೆ ಮತವಿರಲಿಲ್ಲ. ‘ಮೊದಲ ಮಹಿಳೆ’ ಎಂಬ ಒಂದು ಸಾಲಿನ ಉತ್ತರದಲ್ಲಿ ಮುಚ್ಚಿಹೋಗುವುದು ಈ ಸಂಗತಿ.

ಆ ಅನ್ಯಾಯ ಸಿರಿಮಾವೊ ಸೃಷ್ಟಿಸಿದ್ದಲ್ಲ. ಅದನ್ನು ಬಿಡಿಸಲು ಹೊರಟವರು ಅವರು, ಬಿಡಿಸಿದ ರೀತಿಯನ್ನೇ ಪ್ರಶ್ನಿಸಬೇಕು. 1964ರ ಅಕ್ಟೋಬರ್ 30ರಂದು ದೆಹಲಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರೊಂದಿಗೆ ಒಪ್ಪಂದವಾಯಿತು. ಒಟ್ಟು 9,75,000 ಜನ. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದ 1,50,000 ಆಮೇಲೆ ನೋಡೋಣ. ಆ ಉಳಿದವರನ್ನು 1974ರಲ್ಲಿ ಇಂದಿರಾ ಮತ್ತು ಸಿರಿಮಾವೊ ತಲಾ 75,000ದಂತೆ ಹಂಚಿಕೊಂಡರು. ಇಬ್ಬರು ಮಹಿಳಾ ಪ್ರಧಾನಿಗಳ ನಡುವೆ ಆದ ಈ ಪಾಲು ನನ್ನನ್ನು ಬಹಳ ಕಲಕುತ್ತದೆ. ಯಾವ ಗುಡ್ಡದ ಯಾವ ಹೆಂಗಸು ಎಲ್ಲಿ ಸಾಯಲು ಬಯಸುತ್ತಾಳೆಂದು ಸಂಖ್ಯೆ ಗೊತ್ತುಮಾಡುವಾಗ ಯಾರೂ ಕೇಳಿರಲಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಲೆಕ್ಕ ಮುಗಿದಿತ್ತು. ಅದೇ ವರ್ಷಗಳಲ್ಲಿ ಆಹಾರದ ಅಭಾವ ಬಂದು ತೋಟಗಳಲ್ಲಿ ಜನ ಹಸಿವಿನಿಂದ ಸತ್ತರು. 1975ರಲ್ಲಿ ಕಂಪನಿ ತೋಟಗಳ ರಾಷ್ಟ್ರೀಕರಣವಾಯಿತು, ಮಾಲೀಕ ಬದಲಾದ, ಲೈನ್ ಮನೆ ಹಾಗೇ ಉಳಿಯಿತು. ಹೆಂಗಸರಿಗೆ ಸಮಾನ ಕೂಲಿ ಬಂದದ್ದು 1984ರಲ್ಲಿ, ಸಿರಿಮಾವೊ ಅಧಿಕಾರ ಕಳೆದುಕೊಂಡ ಏಳು ವರ್ಷಕ್ಕೆ.

ಈ ಒಪ್ಪಂದದ ಫಲ ನಮ್ಮ ದಕ್ಷಿಣ ಕನ್ನಡದಲ್ಲೇ ಇದೆ. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ, ಮಂಟಪದ ಶಿಬಿರಕ್ಕೆ ಬಂದವರಲ್ಲಿ ಅನೇಕ ಕುಟುಂಬಗಳನ್ನು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಚಹಾ ಬಿಡಿಸಿದ ಕೈಗೆ ಟ್ಯಾಪಿಂಗ್ ಕತ್ತಿ ಬಂತು. ನಸುಕಿನಲ್ಲಿ ಮರದ ತೊಗಟೆಯನ್ನು ಓರೆಯಾಗಿ ಕೀಸಿ, ಹಾಲು ಗೆರಟೆಗೆ ಇಳಿಯುವಂತೆ ಮಾಡಿ, ಬಿಸಿಲೇರುವ ಮೊದಲು ಸುರಿದುಕೊಂಡು ಬರಬೇಕು. ಅವರ ಮಕ್ಕಳು ಕನ್ನಡ ಶಾಲೆಗೆ ಹೋದರು, ತುಳು ಕಲಿತರು. ಪೌರತ್ವವೇನೋ ಸಿಕ್ಕಿತು. ಆದರೆ ಜಾತಿ ಪ್ರಮಾಣಪತ್ರದಂಥ ಕಾಗದಕ್ಕೆ ಎರಡನೇ ಪೀಳಿಗೆಯೂ ಅಲೆಯಬೇಕಾಯಿತು. ಸಿರಿಮಾವೊ–ಶಾಸ್ತ್ರಿ ಒಪ್ಪಂದ ಎಂಬುದು ಅವರಿಗೆ ಪುಸ್ತಕದ ಮಾತಾಗಿರಲಿಲ್ಲ, ಮನೆಯೊಳಗಿನ ಇತಿಹಾಸವೇ ಆಗಿತ್ತು.

ಹೆಂಗಸೆಂದು ಸಿರಿಮಾವೊ ಅವರಿಂದ ಹೆಚ್ಚು ನಿರೀಕ್ಷಿಸುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಹೆಚ್ಚು ನಿರೀಕ್ಷಿಸುತ್ತಿಲ್ಲ. ಸೇನಾನಾಯಕೆ ಮತ್ತು ಶಾಸ್ತ್ರಿ ಅವರನ್ನು ಅಳೆಯುವ ಕೋಲಿನಿಂದಲೇ ಅಳೆಯುತ್ತಿದ್ದೇನೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ನಾವು ಇಂದಿರಾ ಅವರನ್ನು ಹಾಗೆಯೇ ನಡೆಸಿಕೊಂಡೆವು: ಒಬ್ಬರು ತುರ್ತುಪರಿಸ್ಥಿತಿಯ ಲೆಕ್ಕ ಕೇಳಿದರು, ಇನ್ನೊಬ್ಬರು ಬಡವರಿಗೆ ಸಿಕ್ಕ ಭೂಮಿಯ ಮಾತೆತ್ತಿದರು. ಅಲ್ಲಿನ ಕಾಫಿ ತೋಟದ ಕೂಲಿ ಹೆಂಗಸರ ಕೈಯಲ್ಲಿ ಮತವಿತ್ತು, ಆದ್ದರಿಂದ ಅವರ ಮನೆ ಬಾಗಿಲಿಗೂ ಪ್ರಚಾರ ಹೋಯಿತು. ನುವರ ಎಲಿಯದಲ್ಲಿ ಮತವಿಲ್ಲದವರ ಬಾಗಿಲಿಗೆ ಹೋಗುವ ಅಗತ್ಯ ಯಾವ ಪಕ್ಷಕ್ಕೂ ಬೀಳಲಿಲ್ಲ.

ಶಾಲೆಗಳ ವಿಷಯದಲ್ಲಿ ಸಿರಿಮಾವೊ ಧೀರೆ, ವಿದೇಶಾಂಗದಲ್ಲಿ ಚತುರೆ. ತಮಿಳರ ವಿಷಯದಲ್ಲಿ, ಅದರಲ್ಲೂ ತೋಟದವರ ವಿಷಯದಲ್ಲಿ, ಅವರ ಆಳ್ವಿಕೆ ಸೋತಿತು ಎಂಬುದು ನನ್ನ ತೀರ್ಮಾನ. ಶ್ರೀಲಂಕಾದಲ್ಲಿ ಉಳಿದ ದೇಶವಿಲ್ಲದವರಿಗೆ ಪೌರತ್ವ ಕೊಡುವ ಕೊನೆಯ ಕಾನೂನು ಬಂದದ್ದು 2003ರಲ್ಲಿ, ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ. ಅದನ್ನು ಮಾಡಲು ಅವರಿಗೆ ಪ್ರಧಾನಿ ಪಟ್ಟದ ಮೂರು ಅವಧಿಗಳಿದ್ದವು, 1970ರಲ್ಲಿ ಸಂವಿಧಾನವನ್ನೇ ಬದಲಿಸಬಲ್ಲ ಮೂರನೇ ಎರಡರಷ್ಟು ಬಹುಮತವೂ ಇತ್ತು.