ಜಾಸ್ ಕೇಳುವ ಬಗೆ: ಚಾರ್ಲಿ ಪಾರ್ಕರ್ ಕಲಿತ ದಾರಿ

ಜಾಸ್‌ನಲ್ಲಿ ಹಾಡಿನ ಮಟ್ಟು ಬರೀ ನೆಪ. ಅದರಡಿಯ ಕಾರ್ಡ್‌ಗಳ (ಒಟ್ಟಿಗೆ ಮೊಳಗುವ ಸ್ವರಗುಚ್ಛಗಳ) ಸಾಲು, ಬಾರ್‌ಗಳ (ಎಣಿಕೆಯ ಸಮಭಾಗಗಳ) ಲೆಕ್ಕ, ಇವೆರಡೇ ನಿಜವಾದ ಚೌಕಟ್ಟು. ವಾದಕರು ಅದರ ಮೇಲೆ ನಿಂತ ನಿಲುವಿನಲ್ಲೇ ಹೊಸ ಮಟ್ಟು ಕಟ್ಟುತ್ತಾರೆ. ಚೌಕಟ್ಟು ಒಂದು ಸುತ್ತು ಮುಗಿಸಿದರೆ ಅದು ಒಂದು ಕೋರಸ್. ಈ ಸುತ್ತು ಕಿವಿಗೆ ಸಿಗದಿದ್ದರೆ ಸ್ಯಾಕ್ಸೋಫೋನ್ ಗೊತ್ತುಗುರಿಯಿಲ್ಲದೆ ಓಡಾಡಿದಂತೆ ಕೇಳಿಸುತ್ತದೆ. ಆಲ್ಟೊ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ (1920–1955) ಹುಡುಗನಾಗಿದ್ದಾಗ ಎಡವಿದ್ದು ಇಲ್ಲೇ. ಅವನು ಕಲಿತ ಕ್ರಮದಲ್ಲೇ ಕೇಳುತ್ತಾ ಹೋದರೆ ಹೊಸಬರಿಗೂ ದಾರಿ ಸಲೀಸು.

ಪಾರ್ಕರ್ ಬೆಳೆದದ್ದು ಅಮೆರಿಕದ ಮಿಸೌರಿ ರಾಜ್ಯದ ಕ್ಯಾನ್ಸಾಸ್ ಸಿಟಿಯಲ್ಲಿ. 1930ರ ದಶಕದಲ್ಲಿ ಅಲ್ಲಿನ ಕ್ಲಬ್‌ಗಳಲ್ಲಿ ರಾತ್ರಿಯಿಡೀ ಜಾಮ್ ಸೆಷನ್‌ಗಳು ನಡೆಯುತ್ತಿದ್ದವು. 1936ರಲ್ಲಿ ರೆನೊ ಕ್ಲಬ್‌ನಲ್ಲಿ ಹಿರಿಯರ ನಡುವೆ ನುಡಿಸಲು ಹೋದ ಹುಡುಗ ಕಾರ್ಡ್‌ಗಳ ಜಾಡು ತಪ್ಪಿದ. ಡ್ರಮ್ಮರ್ ಜೋ ಜೋನ್ಸ್ ಸಿಂಬಲ್ ಬಿಚ್ಚಿ ಅವನ ಕಾಲಬುಡಕ್ಕೆ ಎಸೆದನೆಂದು ಬಾಸ್ ವಾದಕ ಜೀನ್ ರೇಮಿ ಮುಂದೆ ನೆನಪಿಸಿಕೊಂಡಿದ್ದಾನೆ.

ಆದ್ದರಿಂದ ಮೊದಲು ಲೆಕ್ಕ. ಇದಕ್ಕೆ ಪಾರ್ಕರ್ 1945ರಲ್ಲಿ ಮುದ್ರಿಸಿದ ‘ನೌಸ್ ದಿ ಟೈಮ್’ ಹೇಳಿ ಮಾಡಿಸಿದಂತಿದೆ. ಅದು ಹದಮಟ್ಟದ ವೇಗದ ಬ್ಲೂಸ್, ಸುತ್ತಿಗೆ ಹನ್ನೆರಡು ಬಾರ್, ಬಾರ್‌ಗೆ ನಾಲ್ಕು ಎಣಿಕೆ. ಕರ್ನಾಟಕ ಸಂಗೀತ ಕೇಳಿದವರ ಕೈ ಸಮಕ್ಕೆ ತಟ್ಟುತ್ತದೆ. ಇಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಚಿಟಿಕೆ ಹಾಕಬೇಕು. ಲೆಕ್ಕ ಹಿಡಿಯಲು ಬಾಸ್‌ ಮೇಲೆ ಕಿವಿಯಿಟ್ಟರೆ ಸಾಕು, ಎಣಿಕೆಗೊಂದು ಸ್ವರದಂತೆ ಅದು ನಡೆಯುತ್ತಲೇ ಇರುತ್ತದೆ. ಐದನೇ ಬಾರ್‌ನಲ್ಲಿ ಕಾರ್ಡ್ ಷಡ್ಜದಿಂದ ಮಧ್ಯಮಕ್ಕೆ ಹೊರಳುತ್ತದೆ, ಕೊನೆಯ ನಾಲ್ಕು ಬಾರ್‌ಗಳಲ್ಲಿ ಪಂಚಮ ಮುಟ್ಟಿ ಮನೆಗೆ ಮರಳುತ್ತದೆ. ಮಟ್ಟು ಎರಡು ಸಲ ಬಂದುಹೋದ ಮೇಲೂ ಎಣಿಸುತ್ತಿದ್ದರೆ, ಪಾರ್ಕರ್ ಏನೇ ನುಡಿಸಲಿ, ಐದನೇ ಬಾರ್ ಬಂದದ್ದು ತಾನಾಗಿ ತಿಳಿಯುತ್ತದೆ.

ನಮ್ಮ ಕಿವಿಗೆ ಕಷ್ಟವಾಗುವುದು ಈ ಹೊರಳುವಿಕೆಯೇ. ತಂಬೂರಿ ಕಚೇರಿಯುದ್ದಕ್ಕೂ ಒಂದೇ ಶ್ರುತಿ ಹಿಡಿದಿರುತ್ತದೆ, ಸ್ವರದ ಬೆಲೆ ಅದರಿಂದ ನಿರ್ಧಾರವಾಗುತ್ತದೆ. ಜಾಸ್‌ನಲ್ಲಿ ಕೆಳಗಿನ ಕಾರ್ಡ್ ಬದಲಾದಂತೆ ಅದೇ ಸ್ವರ ಒಮ್ಮೆ ನೆಮ್ಮದಿಯಾಗಿ, ಮರುಗಳಿಗೆಗೆ ಕುಟುಕುವಂತೆ ಕೇಳುತ್ತದೆ. ಅದನ್ನು ಅಪಸ್ವರವೆಂದು ತಳ್ಳಿಹಾಕುವ ಮೊದಲು, ಅದು ಎಲ್ಲಿ ಹೋಗಿ ಇಳಿಯುತ್ತದೆಂದು ಕಾಯಬೇಕು.

1937ರ ಬೇಸಿಗೆಯಲ್ಲಿ ಪಾರ್ಕರ್ ಓಜಾರ್ಕ್ ಬೆಟ್ಟಸೀಮೆಯ ಪ್ರವಾಸಿ ತಾಣದಲ್ಲಿ ವಾದ್ಯಗೋಷ್ಠಿಯ ಕೆಲಸಕ್ಕೆ ಸೇರಿದ. ಕಾರ್ಡ್‌ಗಳ ಪಾಠ ಸಹವಾದಕರಿಂದ ಆಯಿತು. ಉಳಿದದ್ದನ್ನು ಟೆನರ್ ಸ್ಯಾಕ್ಸೋಫೋನಿನ ಲೆಸ್ಟರ್ ಯಂಗ್‌ನ ರೆಕಾರ್ಡ್‌ಗಳಿಂದ, ಸೋಲೊಗಳನ್ನು ಸ್ವರಸ್ವರವಾಗಿ ಬಾಯಿಪಾಠ ಮಾಡಿ ಕಲಿತ. ಕೇಳುಗರಿಗೂ ಎರಡನೆಯ ಮೆಟ್ಟಿಲು ಇದೇ. ಯಂಗ್ 1936ರಲ್ಲಿ ಪಿಯಾನೊ ವಾದಕ ಕೌಂಟ್ ಬೇಸಿಯ ಜೊತೆ ನುಡಿಸಿದ ‘ಲೇಡಿ ಬಿ ಗುಡ್’ ತೆಗೆದುಕೊಳ್ಳಬಹುದು. ಇಲ್ಲಿ ಸುತ್ತಿಗೆ 32 ಬಾರ್: ಎಂಟು ಬಾರ್‌ಗಳ ಒಂದು ಮಾತು ಎರಡು ಸಲ, ನಡುವೆ ಬ್ರಿಜ್ ಎಂಬ ಬೇರೆ ಮಾತು, ಮತ್ತೆ ಮೊದಲಿನದು. ಯಂಗ್‌ಗೆ ಅವಸರವಿಲ್ಲ. ಒಂದು ತುಣುಕು ನುಡಿಸಿ ಬಿಡುವು ಕೊಡುತ್ತಾನೆ, ಮುಂದಿನ ತುಣುಕು ಅದಕ್ಕೆ ಉತ್ತರವಾಗಿ ಬರುತ್ತದೆ. ಈ ಸೋಲೊವನ್ನು ಗುನುಗುವಷ್ಟು ಕೇಳಬೇಕು. ಇಪ್ಪತ್ತು ರೆಕಾರ್ಡ್‌ಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಇದೇ ಮೇಲು.

ಪಾರ್ಕರ್‌ನದೇ ರೆಕಾರ್ಡ್ ‘ಕೊ-ಕೊ’ ಬರಬೇಕಾದದ್ದು ಇದರ ನಂತರ. ಅದರ ಬುನಾದಿ ರೇ ನೋಬಲ್‌ನ 1938ರ ಹಾಡು ‘ಚೆರೋಕಿ’. ಸುತ್ತಿಗೆ 64 ಬಾರ್, ಬ್ರಿಜ್‌ನಲ್ಲಿ ಶ್ರುತಿ ದೂರದೂರಕ್ಕೆ ಜಿಗಿಯುತ್ತದೆ. 1939ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನೇ ನುಡಿಸುತ್ತಾ, ಕಾರ್ಡ್‌ನ ಮೇಲುತುದಿಯ ಸ್ವರಗಳಿಂದ ಮಟ್ಟು ಹೆಣೆಯುವ ದಾರಿ ಸಿಕ್ಕಿತೆಂದು ಪಾರ್ಕರ್ ಹೇಳಿಕೊಂಡಿದ್ದ. ‘ಕೊ-ಕೊ’ ಮುದ್ರಣವಾದದ್ದು 26 ನವೆಂಬರ್ 1945ರಂದು, ‘ನೌಸ್ ದಿ ಟೈಮ್’ ಮುದ್ರಣವಾದ ದಿನವೇ. ಅರ್ಧಕ್ಕೆ ನಿಂತ ಒಂದು ಟೇಕ್ ಉಳಿದುಬಂದಿದೆ: ಪೀಠಿಕೆ ಮುಗಿಯುತ್ತಿದ್ದಂತೆ ‘ಚೆರೋಕಿ’ಯ ಮಟ್ಟು ಶುರುವಾಗುತ್ತದೆ, ಯಾರೋ ತಡೆಯುತ್ತಾರೆ. ಅಂತಿಮ ಟೇಕ್‌ನಲ್ಲಿ ಆ ಮಟ್ಟೇ ಇಲ್ಲ. ನಿಮಿಷಕ್ಕೆ ಸುಮಾರು 300 ಎಣಿಕೆಯ ವೇಗದಲ್ಲಿ ಪಾರ್ಕರ್ ಎರಡು ಸುತ್ತು ನುಡಿಸುತ್ತಾನೆ, ಮ್ಯಾಕ್ಸ್ ರೋಚ್ ಡ್ರಮ್ಸ್‌ನಲ್ಲಿ ತನ್ನ ಸೋಲೊ ಮುಗಿಸುತ್ತಾನೆ, ಎಲ್ಲ ಸೇರಿ ಮೂರು ನಿಮಿಷದೊಳಗೆ. ಅರ್ಧಕ್ಕೆ ನಿಂತ ಟೇಕ್ ಮೊದಲು, ಪೂರ್ತಿಯದು ಆಮೇಲೆ ಕೇಳಿದರೆ ಕಾಣದ ಹಾಡು ಕೆಳಗೆ ಹರಿಯುತ್ತಿರುವುದು ಕೇಳಿಸುತ್ತದೆ. ಬ್ರಿಜ್ ಎಲ್ಲಿ ಬಂತೆಂದು ಗೊತ್ತಾಗದಿದ್ದರೆ ‘ಚೆರೋಕಿ’ಯ ಯಾವುದಾದರೂ ನಿಧಾನ ರೆಕಾರ್ಡ್‌ಗೆ ಹೋಗಿ ಬರಬಹುದು.

ಇಷ್ಟಾದ ಮೇಲೆ ನಮ್ಮ ಕಡೆಯ ಸ್ಯಾಕ್ಸೋಫೋನಿಗೂ ಒಂದು ದಾರಿಯಿದೆ. ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥ್ ಅವರ ಕೈಯಲ್ಲಿದ್ದದ್ದೂ ಆಲ್ಟೊ ಸ್ಯಾಕ್ಸೋಫೋನೇ. 2008ರ ‘ಕಿನ್ಸ್‌ಮೆನ್’ ಆಲ್ಬಮ್‌ನಲ್ಲಿ ಅವರೂ ಭಾರತೀಯ ಮೂಲದ ಅಮೆರಿಕನ್ ಜಾಸ್ ವಾದಕ ರುದ್ರೇಶ್ ಮಹಾಂತಪ್ಪ ಅವರೂ ಜೊತೆಗೂಡಿ ನುಡಿಸಿದ್ದಾರೆ. ಎರಡೂ ಒಂದೇ ವಾದ್ಯವಾದ್ದರಿಂದ ಯಾರ ನುಡಿಸಾಣಿಕೆಯಲ್ಲಿ ಗಮಕವಿದೆ, ಯಾರದು ಕಾರ್ಡ್‌ನ ಜಾಡು ಹಿಡಿದಿದೆ ಎಂದು ಬೇರ್ಪಡಿಸಿ ಕೇಳುವುದು ಒಳ್ಳೆಯ ಅಭ್ಯಾಸ. ಮಹಾಂತಪ್ಪ ಅವರ 2015ರ ‘ಬರ್ಡ್ ಕಾಲ್ಸ್’ ಪಾರ್ಕರ್ ಸಂಗೀತವನ್ನೇ ಬಿಚ್ಚಿ ಹೊಸದಾಗಿ ಕಟ್ಟಿದ ಆಲ್ಬಮ್. ಪಾರ್ಕರ್‌ನ ಒಂದೆರಡು ಸೋಲೊಗಳಾದರೂ ಬಾಯಿಗೆ ಬಂದವರಿಗೆ ಅದರ ರುಚಿ ಹೆಚ್ಚು.