ಫಲಕಕ್ಕೆ ಹಣ, ಮನೆಗೆ ಏನು?

ಹಸಿರು ಕಟ್ಟಡದ ಪ್ರಮಾಣಪತ್ರ ನಮ್ಮಲ್ಲಿ ಹೆಸರು ಮಾಡಿದ್ದು ಹೈದರಾಬಾದಿನ ಗೋದ್ರೇಜ್ ಗ್ರೀನ್ ಬಿಸಿನೆಸ್ ಸೆಂಟರ್ 2003ರಲ್ಲಿ ಅಮೆರಿಕದ ಲೀಡ್ ಪದ್ಧತಿಯ ಪ್ಲಾಟಿನಂ ಪಡೆದ ಮೇಲೆ. ಇಂದು ಭಾರತೀಯ ಹಸಿರು ಕಟ್ಟಡ ಮಂಡಳಿ (ಐಜಿಬಿಸಿ) ಬೆಳ್ಳಿ, ಚಿನ್ನ, ಪ್ಲಾಟಿನಂ ಹಂಚುತ್ತದೆ. ಇಂಧನ ಸಂಶೋಧನಾ ಸಂಸ್ಥೆ ಟೆರಿ ರೂಪಿಸಿದ ‘ಗೃಹ’ (GRIHA) ಪದ್ಧತಿ ನಕ್ಷತ್ರ ಕೊಡುತ್ತದೆ. ಬೆಂಗಳೂರಿನ ಐಟಿ ಪಾರ್ಕಿನ ಮಾಲೀಕನಿಗೆ ಇದು ಲಾಭದ ಬಾಬತ್ತೇ ಸರಿ. ಬಾಡಿಗೆಗೆ ಬರುವ ದೊಡ್ಡ ಕಂಪನಿಯೇ ಇಂಥ ಪ್ರಮಾಣಪತ್ರದ ಫಲಕ ಕೇಳುತ್ತದೆ. ಬೆಳಗಾವಿಯ ಟಿಳಕವಾಡಿಯಲ್ಲೋ ಖಾನಾಪುರದಲ್ಲೋ ಮನೆ ಕೊಳ್ಳುವವರು ಮೊದಲು ಜಾಗದ ಉತಾರ ನೋಡುತ್ತಾರೆ, ಎನ್‌ಎ (ಕೃಷಿಯೇತರ) ಆಗಿದೆಯೇ ಎನ್ನುತ್ತಾರೆ, ನಳದ ನೀರು ಎಷ್ಟು ದಿನಕ್ಕೊಮ್ಮೆ ಎಂದು ವಿಚಾರಿಸುತ್ತಾರೆ. ಪ್ಲಾಟಿನಂ ಹೆಸರಿಗೆ ಹೆಚ್ಚು ಬೆಲೆ ಕೊಡುವವರು ಅಪರೂಪ. ಆದರೆ ನೋಂದಣಿ ಶುಲ್ಕ, ಸಲಹೆಗಾರರ ಫೀ, ಕಡತಗಳ ರಾಶಿ ಮಾತ್ರ ಮಾಲೀಕನ ಪಾಲಿಗೇ.

ಉಳಿತಾಯ ಕೊಡುವುದು ಕಟ್ಟುವ ಕ್ರಮವೇ ಹೊರತು ಪತ್ರವಲ್ಲ. ಸೋಲಾರ್ ವಾಟರ್ ಹೀಟರ್ ಇದ್ದರೆ ವಿದ್ಯುತ್ ಕಂಪನಿ ಹೆಸ್ಕಾಂನ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಸೌರ ಫಲಕಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಇವೆರಡಕ್ಕೂ ಯಾರೂ ನಕ್ಷತ್ರ ಕೇಳುವುದಿಲ್ಲ. ಎಸಿ ಖರ್ಚು ತಗ್ಗಿಸಿದ್ದಕ್ಕೆ ಪ್ರಮಾಣಪತ್ರದ ಪದ್ಧತಿಗಳು ಧಾರಾಳವಾಗಿ ಅಂಕ ಕೊಡುತ್ತವೆ. ಆದರೆ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿರುವ ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಎಸಿಯೇ ಇಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿ ಕಡೆಯ ಮಳೆಗೆ ಇಳಿಜಾರು ಹೆಂಚಿನ ಮಾಡು, ಗೋಡೆ ನೆನೆಯದಷ್ಟು ಮುಂದೆ ಚಾಚಿದ ಸೂರು ಬೇಕೆಂಬುದು ಅಲ್ಲಿನ ಗೌಂಡಿಗೆ ಗೊತ್ತು. ಖಾನಾಪುರದ ಹೆಂಚು, ಇಟ್ಟಿಗೆ ಬೆಳಗಾವಿಗೆ ಬರೀ 25 ಕಿ.ಮೀ. ದೂರದ ಸರಕು. ಹಾಗೆಂದು ಅದನ್ನು ಪೂಜಿಸಬೇಕಿಲ್ಲ: ಭಟ್ಟಿಗೆ ಸೌದೆ ಬೇಕು, ಮಣ್ಣಿಗೆ ಹೊಲ ಅಗೆಯಬೇಕು.

ಪತ್ರವೇ ಇಲ್ಲದಿದ್ದರೆ ಪ್ರತಿ ಬಿಲ್ಡರನೂ ತನ್ನದು ಹಸಿರು ಎನ್ನುತ್ತಾನಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಹೊರಗಿನವರು ಪರಿಶೀಲಿಸುತ್ತಾರೆಂದರೆ ಗುತ್ತಿಗೆದಾರ ಮಳೆನೀರಿನ ಇಂಗುಗುಂಡಿ ನುಂಗಿಹಾಕುವುದು ಕಷ್ಟ. ಆದರೆ ಹೊಸ ಕಟ್ಟಡಕ್ಕೆ ಸಿಗುವ ಅಂಕ ಬಹುಪಾಲು ವಿನ್ಯಾಸದ್ದು, ಬಳಕೆಯದ್ದಲ್ಲ. ಪ್ರಮಾಣಪತ್ರ ಪಡೆದ ಕಟ್ಟಡಗಳೂ ವಿದ್ಯುತ್ ಬಳಕೆಯಲ್ಲಿ ಎಡವಿದ್ದನ್ನು ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇ ಎತ್ತಿ ತೋರಿಸಿದೆ. 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧವನ್ನೇ ನೋಡಿ: ಅಧಿವೇಶನ ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಅಷ್ಟು ದೊಡ್ಡ ಕಟ್ಟಡ ಉಳಿದ ತಿಂಗಳುಗಳಲ್ಲಿ ಎಷ್ಟು ಬಳಕೆಯಾಗುತ್ತದೆ ಎಂಬುದನ್ನು ನಕ್ಷೆ ನೋಡಿ ಕೊಡುವ ಯಾವ ಅಂಕವೂ ಹೇಳಲಾರದು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) ಕಚೇರಿ ಕಟ್ಟಡಗಳಿಗೆ ಕೊಡುವ ನಕ್ಷತ್ರ ಇದಕ್ಕಿಂತ ವಾಸಿ. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಸುಟ್ಟಿತು ಎಂಬುದೇ ಅದರ ಲೆಕ್ಕ. ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡ ಪಾಲಿಕೆ ‘ಗೃಹ’ ನಕ್ಷತ್ರಕ್ಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಬೆಳಗಾವಿ ಪಾಲಿಕೆ ಅದನ್ನು ನಕಲು ಮಾಡುವುದಾದರೆ ಪತ್ರದ ಬದಲು ಹೆಸ್ಕಾಂ ಬಿಲ್ಲು, ನೀರಿನ ಮೀಟರು ಎರಡನ್ನೂ ಆಧಾರವಾಗಿ ಇಟ್ಟುಕೊಳ್ಳಲಿ.